ಅವರು ಸುತ್ತಿದ ಟೇಪು

ಮಾರ್ಚ್ 3, ಸೋಮವಾರ

ಲಾರಿ ಇವತ್ತು ಏರಿನಲ್ಲಿ ನಿಂತಿತು. ಇಂಜಿನ್ ಫ್ಯಾನಿನ ಒಂದು ಎಲೆ ಮುರಿದು ರೇಡಿಯೇಟರಿಗೆ ಬಡಿದಿದೆ. ಮೇಲಿನ ಊರಿನ ಆಸ್ಪತ್ರೆಗೆ ಕುಡಿಯುವ ನೀರಿನ ಕ್ಯಾನುಗಳು ಒಂಬತ್ತಕ್ಕೆ ತಲುಪಬೇಕಿತ್ತು. ತಲುಪಿದ್ದು ಮೂರಕ್ಕೆ, ಅದೂ ಇನ್ನೊಬ್ಬರ ಗಾಡಿಯಲ್ಲಿ. ಆಸ್ಪತ್ರೆಯ ಸ್ಟೋರಿನ ಗುಮಾಸ್ತ ಮಗನ ಕೈಗೆ ಕಾಗದ ಕೊಟ್ಟು ಕಳಿಸಿದ್ದಾನೆ. ತಡವಾದದ್ದು ಇದು ಎರಡನೆಯ ಸಲ. ಹದಿನೈದು ದಿನ ಬಾಡಿಗೆ ಗಾಡಿ ಆಗಬಹುದಂತೆ. ಹದಿನೆಂಟನೇ ತಾರೀಖು ನಮ್ಮ ಲಾರಿಯೇ ಹೊತ್ತಿಗೆ ಸರಿಯಾಗಿ ಬರದಿದ್ದರೆ ರೂಟು ಬೇರೆಯವರಿಗೆ.

ಇಪ್ಪತ್ತೆರಡು ವರ್ಷದಿಂದ ಈ ರೂಟು ನಮ್ಮದು. ನಮ್ಮ ಯಜಮಾನರು ಹದಿನಾರು ವರ್ಷ ಓಡಿಸಿದರು. ಅವರು ತೀರಿಕೊಂಡ ಮೇಲೆ ಆರು ವರ್ಷದಿಂದ ಮಗ ಓಡಿಸುತ್ತಿದ್ದಾನೆ. ಲಾರಿ ನನ್ನ ಹೆಸರಿನಲ್ಲಿದೆ. ಕೀ ನನ್ನ ಸೊಂಟದಲ್ಲಿರುತ್ತದೆ. ಬೆಳಿಗ್ಗೆ ಕೊಡುತ್ತೇನೆ, ಸಂಜೆ ವಾಪಸು ಪಡೆಯುತ್ತೇನೆ.

ಮೇಸ್ತ್ರಿ ಬಂದು ನೋಡಿದ. ಅವರ ಗೆಳೆಯ, ಅವರ ಕಾಲದಿಂದಲೂ ಈ ಇಂಜಿನ್ನಿಗೆ ಕೈ ಹಾಕುತ್ತಿರುವವನು. “ಅತ್ತಿಗೆ, ಈ ಫ್ಯಾನು ಈಗ ಯಾವ ಅಂಗಡೀಲೂ ಇಲ್ಲ. ಕಂಪನೀನೇ ಮರೆತು ಬಿಟ್ಟಿದೆ,” ಅಂದ.

ಊಟಕ್ಕೆ ಕೂತಾಗ ಅವಳು, ಮಗನ ಹೆಂಡತಿ, ಬಾಯಿ ಬಿಟ್ಟಳು. “ಅತ್ತೆ, ಎಲೆಕ್ಟ್ರಿಕ್ ಫ್ಯಾನ್ ಹಾಕ್ಬಹುದು. ನಾನು ಹಾಕ್ತೀನಿ.”

ಲಾರಿಯ ಮಾತು ತಟ್ಟೆಯ ಮುಂದೆ ಬೇಡ ಎಂದೆ.

ಮಾರ್ಚ್ 4, ಮಂಗಳವಾರ

ಮಗ ಅವಳ ಪರವಾಗಿ ಬಂದು ನಿಂತ. ಮದುವೆಗೆ ಮುಂಚೆ ಅವಳು ಆರು ವರ್ಷ ಮೋಟರು ವೈಂಡಿಂಗ್ ಅಂಗಡಿಯಲ್ಲಿದ್ದವಳು, ನೂರಾರು ಸೀಲಿಂಗ್ ಫ್ಯಾನು, ಪಂಪು ರಿಪೇರಿ ಮಾಡಿದವಳು, ನಿನಗೂ ಗೊತ್ತಲ್ಲ ಎಂದ. ಗೊತ್ತು. ನಮ್ಮ ಮನೆಗೆ ಬಂದ ಮೇಲೆ ಅದನ್ನು ಬಿಡಬೇಕೆಂದು ನಾನೇನೂ ಹೇಳಲಿಲ್ಲ. ನಾನು ಹೇಳುವ ಮೊದಲೇ ಬಿಟ್ಟಳು.

ಅವಳನ್ನು ಕರೆದು ವಿವರವಾಗಿ ಕೇಳಿದೆ. “ಹಳೇದು ಇಂಜಿನ್ ತಿರುಗಿದಷ್ಟೇ ತಿರುಗುತ್ತೆ ಅತ್ತೆ. ಏರಲ್ಲಿ ಇಂಜಿನ್ ಏದುಸಿರು ಬಿಡೋವಾಗ ಫ್ಯಾನೂ ಸುಸ್ತು. ಇದಕ್ಕೆ ಇಂಜಿನ್ ಹಂಗಿಲ್ಲ, ಬ್ಯಾಟರಿ ಸಾಕು. ನೀರು ಬಿಸಿಯಾದ್ರೆ ಸ್ವಿಚ್ಚು ತಾನೇ ಹಾಕ್ಕೊಳ್ಳುತ್ತೆ, ತಣ್ಣಗಾದ್ರೆ ತಾನೇ ಆರಿಸ್ಕೊಳ್ಳುತ್ತೆ.”

“ಯಾರ ಹಂಗೂ ಇಲ್ಲದೋರು ಈ ಮನೇಲಿ ಆಗಲೇ ಒಬ್ಬರಿದ್ದಾರೆ,” ಅಂದೆ.

ಮಗ ನಕ್ಕ. ಅವಳು ನಗಲಿಲ್ಲ. ಆಗಲಿ ಎಂದೆ. ಮೇಸ್ತ್ರಿಗೆ ಹೇಳಿ ಕಳಿಸಿದ್ದಕ್ಕೆ, “ಇಂಜಿನಿಯರಮ್ಮ ಮಾಡ್ಲಿ, ನಾನು ದೂರದಿಂದ ನೋಡ್ತೀನಿ” ಎಂದನಂತೆ.

ಮಾರ್ಚ್ 7, ಶುಕ್ರವಾರ

ರೇಡಿಯೇಟರಿಗೆ ಬೆಸುಗೆ ಹಾಕಿಸಿ ಆಯಿತು. ಗುಜರಿಯಿಂದ ದೊಡ್ಡ ಕಾರಿನದೊಂದು ಜೋಡಿ ಫ್ಯಾನು ತಂದಿದ್ದಾರೆ. ಅವಳು ಹಿತ್ತಲಲ್ಲಿ ಕೂತು ಅದನ್ನು ಬಿಚ್ಚಿ, ತೊಳೆದು, ಮೋಟರಿಗೆ ಹೊಸ ಕಾರ್ಬನ್ ಬ್ರಷ್ ಹಾಕಿದಳು. ಕೈ ಚುರುಕಾಗಿದೆ. ತಗಡನ್ನು ರೇಡಿಯೇಟರಿನ ಅಳತೆಗೆ ಕತ್ತರಿಸಿ ಫ್ಯಾನಿನ ಸುತ್ತ ಚೌಕಟ್ಟು ಮಾಡಿದಳು. ಒಂದೇ ಸಲಕ್ಕೆ ಕೂತಿತು. ನಾನು ಏನೂ ಹೇಳಲಿಲ್ಲ. ಹೊಗಳಿದರೆ ಕೆಲಸ ಕೆಡುತ್ತದೆ.

ಬ್ಯಾಟರಿಯಿಂದ ಮುಂಭಾಗಕ್ಕೆ ದಪ್ಪ ವೈರು ಬೇಕಂತೆ. ಅದು ಇದೆ. ಮಂಜಿನ ದೀಪಕ್ಕೆಂದು ಅವರೇ ಎಳೆದ ಜೋಡಿ, ಒಂದು ಕೆಂಪು, ಒಂದು ಕಪ್ಪು. ದೀಪಗಳು ಒಡೆದು ಹೋಗಿ ವರ್ಷಗಳಾದವು, ವೈರು ಗಟ್ಟಿಯಾಗಿದೆ. ಬ್ಯಾಟರಿಯ ಕಡೆಯ ಜೋಡಣೆ ಒಂದು ಬಿಸ್ಕತ್ತಿನ ಡಬ್ಬಿಯೊಳಗಿದೆ, ಡಬ್ಬಿಯ ಸುತ್ತ ಅವರು ಕಪ್ಪು ಟೇಪು ಸುತ್ತಿದ್ದಾರೆ, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧಕ್ಕೆ ಬರುವ ಹಾಗೆ.

“ಅತ್ತೆ, ಒಂದ್ಸಲ ಡಬ್ಬಿ ಬಿಚ್ಚಿ ನೋಡ್ತೀನಿ, ಯಾವುದು ಎಲ್ಲಿಗೆ ಹೋಗಿದೆ ಅಂತ.”

“ಅವರು ಸುತ್ತಿದ ಟೇಪಿಗೆ ಯಾರೂ ಉಗುರು ತಾಗಿಸಕೂಡದು. ಅವರು ಹಾಕಿದ ಒಂದು ವೈರೂ ಇವತ್ತಿಗೂ ತಪ್ಪಿಲ್ಲ. ಕೆಂಪು ಕೆಂಪೇ, ಕಪ್ಪು ಕಪ್ಪೇ.”

“ಸರಿ ಅತ್ತೆ.”

ಹಳೆಯ ಫ್ಯಾನನ್ನು ಗುಜರಿಗೆ ಹಾಕಬೇಡಿ ಎಂದೆ. ಮಂಚದ ಕೆಳಗಿಟ್ಟಿದ್ದೇನೆ.

ಮಾರ್ಚ್ 9, ಭಾನುವಾರ

ಅಂಗಳದಲ್ಲೇ ಪರೀಕ್ಷೆ ಆಯಿತು. ಕಾಲು ಗಂಟೆ ಇಂಜಿನ್ ಓಡಿದ ಮೇಲೆ ಫ್ಯಾನು ತಾನಾಗಿ ಶುರುವಾಯಿತು. ಅವಳು ಲಾರಿಯ ಮೂತಿಗೆ ಅಂಗೈ ಹಿಡಿದು, “ಗಾಳಿ ಬರ್ತಿದೆ! ಏನು ಗಾಳಿ ಅತ್ತೆ!” ಎಂದು ಸಣ್ಣ ಹುಡುಗಿಯ ಹಾಗೆ ಕುಣಿದಳು. ಪಕ್ಕದ ಬೀದಿಯ ಇಟ್ಟಿಗೆ ಲಾರಿಯ ಗಿಡ್ಡ ನೋಡಲು ಬಂದಿದ್ದವನು, “ನನ್ನ ಗಾಡಿಗೂ ಒಂದು ಹಾಕ್ಕೊಡು ತಾಯಿ, ಹೋಗೋ ಬರೋ ಕಡೆ ಎಲ್ಲಾ ಕುದೀತಿದೆ,” ಎಂದ. ಅವಳ ಮುಖ ನೋಡಬೇಕಿತ್ತು.

ಗಾಡಿ ಶುರುವಾದ ಮೇಲೆ ಮುಂದಿನ ಗಾಜು, ಜಾಲರಿ ಒರೆಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದ ಅಭ್ಯಾಸ. ಇವತ್ತು ಜಾಲರಿಯ ಹತ್ತಿರ ಹಿಡಿದ ಒದ್ದೆ ಬಟ್ಟೆ ಹಾರಿ ನನ್ನ ಮುಖಕ್ಕೇ ಬಡಿಯಿತು. ಹಳೆಯ ಫ್ಯಾನಿಗೆ ಮರ್ಯಾದೆ ಇತ್ತು, ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಜಾಲರಿಗೆ ಅಂಟಿಸಿಕೊಳ್ಳುತ್ತಿತ್ತು. ಇದು ಎದುರಿಗೆ ನಿಂತವರ ಮುಖದ ಮೇಲೆ ಎಸೆಯುತ್ತದೆ. ತಂದವಳ ಗುಣ.

ಮಾರ್ಚ್ 11, ಮಂಗಳವಾರ

ಅರ್ಧ ಲೋಡು ಹಾಕಿ ಏರಿಗೆ ಬಿಟ್ಟು ನೋಡಿದರು. ಮೂರನೆಯ ತಿರುವಿನಲ್ಲೇ ಕುದಿಯಿತು. ನೀರು ಹೊತ್ತುಕೊಂಡು ಹೋದ ಲಾರಿ ತನ್ನ ಬೆನ್ನ ಮೇಲಿನ ಕ್ಯಾನಿನ ನೀರನ್ನೇ ಕುಡಿದು ವಾಪಸು ಬಂತು. ಅಂಗಳದಲ್ಲಿ ನಿಂತಾಗ ಸರಿಯಾಗಿರುತ್ತದೆ, ಓಡಿದರೆ ಕುದಿಯುತ್ತದೆ. ಇದೆಂಥ ಸೋಜಿಗ.

ಮೇಸ್ತ್ರಿ ಬೀದಿಯಲ್ಲೇ ನಿಂತು ಕೂಗಿದ. “ಇಂಜಿನಿಯರಮ್ಮ, ಇದು ಮಲಗೋ ಕೋಣೆ ಫ್ಯಾನಲ್ಲಮ್ಮ, ರೆಗ್ಯುಲೇಟರ್ ತಿರುಗಿಸಿದ್ರೆ ಆಗಲ್ಲ!”

ಅವಳು ತಲೆ ಎತ್ತಲಿಲ್ಲ.

ಮಾರ್ಚ್ 13, ಗುರುವಾರ

ನಿನ್ನೆ ಬಿಸಿ ಸ್ವಿಚ್ಚು ಬದಲಾಯಿಸಿದಳು. ಇವತ್ತು ರೇಡಿಯೇಟರಿನ ಹೊಟ್ಟೆ ತೊಳೆದಳು. ಮುಚ್ಚಳ ತೆಗೆಯುವಾಗ ಆವಿ ಹೊಡೆದು ಬಲಗೈ ಬೆಂದಿದೆ. ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತಿದ್ದಳು. ನಾನೇ ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ಬಲಗೈ ಇಲ್ಲದಿದ್ದರೆ ಪಾತ್ರೆ ಯಾರು ತೊಳೆಯುತ್ತಾರೆ.

ಪಾತ್ರೆ ನಾನೇ ತೊಳೆದೆ.

ಮಾರ್ಚ್ 14, ಶುಕ್ರವಾರ

ಮತ್ತೆ ಕುದಿಯಿತು.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಫ್ಯಾನು ತಿರುಗುತ್ತಿರುವಾಗ ಜಾಲರಿ ಒರೆಸಲು ಹೋದೆ. ಬಟ್ಟೆ ಮತ್ತೆ ಮುಖಕ್ಕೆ ಬಂತು. ಹಾಗೇ ನಿಂತುಬಿಟ್ಟೆ.

ಹಳೆಯದು ಎಳೆದುಕೊಳ್ಳುತ್ತಿತ್ತು. ಇದು ದೂಡುತ್ತದೆ. ಲಾರಿ ಮುಂದಕ್ಕೆ ಓಡುವಾಗ ಗಾಳಿ ಎದುರಿನಿಂದ ಒಳಗೆ ನುಗ್ಗುತ್ತದೆ, ಈ ಫ್ಯಾನು ಒಳಗಿನಿಂದ ಅದನ್ನು ಹೊರಗೆ ತಳ್ಳುತ್ತದೆ. ಎರಡೂ ಎದುರುಬದುರಾಗಿ ನಿಂತರೆ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು? ಫ್ಯಾನು ಉಲ್ಟಾ ತಿರುಗುತ್ತಿದೆ. ನಾನು ಮೋಟರು ಕಲಿತವಳಲ್ಲ, ಹೈಸ್ಕೂಲಿಗೆ ನಿಲ್ಲಿಸಿದವಳು. ಆದರೂ ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಆಟದ ಕಾರು ಹಿಂದಕ್ಕೆ ಹೋಗುವುದನ್ನು ಮಗ ಚಿಕ್ಕವನಿದ್ದಾಗ ನೋಡಿದ್ದೇನೆ. ಅವಳು ರಿಪೇರಿ ಮಾಡಿದ ಮನೆಯ ಫ್ಯಾನುಗಳಿಗೆ ಆ ಗೋಜಿಲ್ಲ, ಎರಡು ವೈರು ಹೇಗೆ ಕೊಟ್ಟರೂ ಒಂದೇ ಕಡೆ ತಿರುಗುತ್ತವೆ. ಅದಕ್ಕೇ ಅವಳಿಗೆ ಹೊಳೆದಿಲ್ಲ. ಇವಳು ಕೆಂಪಿಗೆ ಕೆಂಪೇ ಸೇರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಿದ್ದರೆ ತಪ್ಪು ಡಬ್ಬಿಯೊಳಗಿದೆ.

ಇದನ್ನು ಈ ಪುಸ್ತಕದಲ್ಲೂ ಇದುವರೆಗೆ ಬರೆದಿಲ್ಲ. ಅವರಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು, ಕಪ್ಪು, ಕಂದು ಎಲ್ಲ ಒಂದೇ. ಸಿಗ್ನಲ್ಲಿನಲ್ಲಿ ಮೇಲಿನದು, ಕೆಳಗಿನದು ಎಂದು ನೆನಪಿಟ್ಟುಕೊಂಡಿದ್ದರು. ಗೊತ್ತಾಗಿದ್ದರೆ ಲೈಸೆನ್ಸು ಹೋಗುತ್ತಿತ್ತು. ನನಗೊಬ್ಬಳಿಗೇ ಗೊತ್ತಿತ್ತು. ಅವರು ವೈರಿನ ಕೆಲಸಕ್ಕೆ ಕೂತಾಗಲೆಲ್ಲ ನಾನು ಪಕ್ಕದಲ್ಲಿ ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಕೂತು “ಎಡಗೈಲಿರೋದು” “ಬಲಗೈಲಿರೋದು” ಎಂದು ಮೆಲ್ಲಗೆ ಹೇಳುತ್ತಿದ್ದೆ. ಯಾರಾದರೂ ಕೇಳಿದರೆ, “ಹೆಂಡ್ತೀಗೂ ಕೆಲಸ ಕಲಿಸ್ತಿದೀನಿ” ಎನ್ನುತ್ತಿದ್ದರು. ಮಗನಿಗೆ ನಾಲ್ಕು ವರ್ಷವಾದಾಗ ಗುಂಡಿಗಳನ್ನು ಹರಡಿ ಕೆಂಪು ಆರಿಸು ಎಂದಿದ್ದೆ. ಆರಿಸಿದ. ಅವತ್ತೇ ನೆಮ್ಮದಿಯಿಂದ ಊಟ ಮಾಡಿದ್ದು.

ಮಂಜಿನ ದೀಪ ಹಾಕಿದ್ದು ಮಾತ್ರ ಅವರು ಒಬ್ಬರೇ. ನನ್ನನ್ನು ಕೇಳದೆ ದೀಪ ಕೊಂಡು ತಂದರೆಂದು ಹನ್ನೊಂದು ದಿನ ನಾನು ಮಾತು ಬಿಟ್ಟಿದ್ದೆ. ಅವರು ಲಾರಿಯ ಕೆಳಗೆ ಮಲಗಿಕೊಂಡು ವೈರು ಎಳೆಯುತ್ತಿದ್ದರು. ಒಮ್ಮೆ ಬಾಗಿಲ ಕಡೆ ನೋಡಿದರು. ನಾನು ಒಳಗೆ ಹೋದೆ. ದೀಪಕ್ಕೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ಹೇಗೆ ಕೊಟ್ಟರೂ ಉರಿಯುತ್ತದೆ. ಉರಿಯಿತು. ತಪ್ಪಿದ್ದು ಯಾರಿಗೂ ಗೊತ್ತಾಗಲಿಲ್ಲ.

ಮಾರ್ಚ್ 16, ಭಾನುವಾರ

ಏನೂ ಹೇಳಲಿಲ್ಲ.

ಮಗ ಮೇಸ್ತ್ರಿಯನ್ನು ಕರೆಸಿದ. ಬೇರೆ ಮಾಡೆಲ್ಲಿನ ಕಬ್ಬಿಣದ ಫ್ಯಾನು ಹೇಗಾದರೂ ಕೂರಿಸಲು ಆಗುತ್ತದೆಯೇ ಎಂದು. “ಎಂಟು ದಿನ ಬೇಕು,” ಎಂದ ಮೇಸ್ತ್ರಿ. ಇರುವುದು ಎರಡು ದಿನ. ಅವಳು ತನ್ನ ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ವರ್ಷಗಟ್ಟಲೆ ತೆಗೆಯದ ಸಾಮಾನನ್ನು ಹಾಗೆ ಸುತ್ತುತ್ತಾರೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಅವಳನ್ನು ಲಾರಿಯ ಮುಂದೆ ಕರೆದೆ. ಇಂಜಿನ್ ಶುರು ಮಾಡಿಸಿ, ಫ್ಯಾನು ತಿರುಗಿದ ಮೇಲೆ, ಒದ್ದೆ ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. “ಒರೆಸು,” ಎಂದೆ.

ಬಟ್ಟೆ ಅವಳ ಮುಖಕ್ಕೆ ಬಡಿಯಿತು. ತೆಗೆದಳು. ಮತ್ತೆ ಹಿಡಿದಳು. ಮತ್ತೆ ಬಡಿಯಿತು.

“ಮೊದಲು ಇದು ಜಾಲರಿಗೆ ಅಂಟಿಕೊಳ್ತಿತ್ತು,” ಎಂದೆ. ಅಷ್ಟೇ. ಬೇರೇನೂ ಹೇಳಲಿಲ್ಲ.

“ಅಯ್ಯೋ ಅತ್ತೆ!” ಎಂದು ಹಣೆ ಚಚ್ಚಿಕೊಂಡಳು. “ಉಲ್ಟಾ ತಿರುಗ್ತಿದೆ! ಅವತ್ತು ಅಂಗೈಗೆ ಗಾಳಿ ಬಂದಾಗಲೇ ಗೊತ್ತಾಗ್ಬೇಕಿತ್ತು, ನಾನು ಕುಣಿದೆ!” ಹತ್ತು ನಿಮಿಷ ಆಗಲಿಲ್ಲ. ಫ್ಯಾನಿನ ಕಡೆ ಎರಡು ವೈರನ್ನು ಅದಲುಬದಲು ಮಾಡಿದಳು. ಬಟ್ಟೆ ಹಿಡಿದೆವು. ಫಟ್ ಎಂದು ಜಾಲರಿಗೆ ಅಂಟಿಕೊಂಡಿತು. ಇಬ್ಬರೂ ಅದನ್ನು ನೋಡುತ್ತ ನಿಂತೆವು. ಪೂರ್ತಿ ಲೋಡು ಹಾಕಿ ಮಗ ಏರಿಗೆ ಹೋಗಿ ಬಂದ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲವಂತೆ.

ಸುದ್ದಿ ತಿಳಿದು ಮೇಸ್ತ್ರಿ ಬಂದ, ಗಿಡ್ಡನೂ ಬಂದ. ಏನು ತಪ್ಪಾಗಿತ್ತು ಎಂದು ಗೊತ್ತಾದ ಮೇಲೆ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ವೈರು ಅದಲುಬದಲಾ! ಕೆಂಪು ಯಾವುದು ಕಪ್ಪು ಯಾವುದು ಗೊತ್ತಾಗದೋರೂ ಈ ಕೆಲಸಕ್ಕೆ ಕೈ ಹಾಕ್ತಾರೇನಪ್ಪಾ!”

“ನಾನು ಕೆಂಪಿಗೆ ಕೆಂಪೇ ಕೊಟ್ಟಿದ್ದೆ ಮೇಸ್ತ್ರಿ,” ಎಂದಳು.

“ಹಾಗಾದ್ರೆ ಡಬ್ಬೀಲಿ ತಪ್ಪು ಅಂತೀಯಾ? ನಿನ್ನ ಮಾವ ವೈರು ಹಾಕಿದ್ರೆ ಕಣ್ಣು ಮುಚ್ಕೊಂಡು ಕರೆಂಟು ಕೊಡಬಹುದಿತ್ತು, ಗೊತ್ತಾ?”

ಅವಳು ನನ್ನ ಕಡೆ ನೋಡಿದಳು. ಡಬ್ಬಿಯ ಕಡೆ ನೋಡಲಿಲ್ಲ. “ಇರಬಹುದು. ನಾನೇ ತಪ್ಪಿರಬೇಕು,” ಎಂದು ಒಳಗೆ ಹೋದಳು.

ಗಿಡ್ಡ ತಲೆ ಕೆರೆದುಕೊಳ್ಳುತ್ತ, “ನನ್ನ ಗಾಡೀಗೆ ಈಗೇನು ಅವಸರ ಇಲ್ಲ ಬಿಡಿ,” ಎಂದು ಹೊರಟ.

ಮಾರ್ಚ್ 18, ಮಂಗಳವಾರ

ಎಂಟು ನಲವತ್ತಕ್ಕೆ ಲಾರಿ ಆಸ್ಪತ್ರೆಯ ಗೇಟಿನಲ್ಲಿತ್ತು. ಗುಮಾಸ್ತ ಇನ್ನೂ ಬಂದಿರಲಿಲ್ಲವಂತೆ. ಮಗನೇ ಅವನಿಗಾಗಿ ಕಾದನಂತೆ. ರೂಟು ಉಳಿಯಿತು.

ಸೊಸೆ ಊಟಕ್ಕೆ ಕೂತಾಗ ಕೈಯ ಕಟ್ಟು ಬಿಚ್ಚಿದ್ದಳು. ಗುಣವಾಗಿದೆ.

ಮಾರ್ಚ್ 19, ಬುಧವಾರ

ಎಲ್ಲ ಸರಿಯಾಗಿದೆ. ಲಾರಿ ಓಡುತ್ತಿದೆ. ಆಗಿದ್ದು ಆಯಿತು. ಸತ್ತವರ ಹೆಸರಿಗೆ ಮಸಿ ಬಳಿಯುವುದು ಯಾವ ನ್ಯಾಯ? ಮಗನ ಕಣ್ಣೂ ಹಾಗೇ ಇರಬೇಕು ಎಂದು ನಾಳೆ ನಾಲ್ಕು ಜನ ಅಂದರೆ? ಒಂದು ವೈರು ತಪ್ಪಿದಳು ಅಂದರೆ ಅವಳಿಗೇನು ಆಗುತ್ತದೆ. ವಯಸ್ಸಿದೆ. ನಾಲ್ಕು ದಿನ ನಕ್ಕು ಮರೆಯುತ್ತಾರೆ.

ಅವಳ ಸಾಮಾನಿನ ಗಂಟು ಅಟ್ಟದ ಮೇಲಿದೆ. ಯಾರೋ ಏಣಿ ಹತ್ತಿ ಇಟ್ಟಿದ್ದಾರೆ. ಮಗ ಅಲ್ಲ, ಕೇಳಿದೆ.

ಮಾರ್ಚ್ 20, ಗುರುವಾರ

ಹನ್ನೊಂದು ದಿನ ಮಾತಾಡದೆ ಇದ್ದೆನಲ್ಲ, ಆಮೇಲೆ ಅದಕ್ಕಾಗಿ ಯಾರ ಹತ್ತಿರವೂ ಕ್ಷಮೆ ಕೇಳಲಿಲ್ಲ. ಕೇಳುವ ಪದ್ಧತಿ ನನಗಿಲ್ಲ.

ಈ ಸಲ ಬಾಯಿ ಮುಚ್ಚಿಕೊಂಡಿದ್ದನ್ನು ಹನ್ನೊಂದು ದಿನಕ್ಕೆ ಬಿಡಲಿಲ್ಲ. ಐದಕ್ಕೆ ಮುಗಿಸಿದೆ.

ಸಂಜೆ ಲಾರಿ ಬಂದ ಮೇಲೆ ಮೇಸ್ತ್ರಿಯನ್ನೂ ಗಿಡ್ಡನನ್ನೂ ಕರೆಸಿದೆ. ಮಗನನ್ನು ನಿಲ್ಲಿಸಿದೆ. ಸೊಸೆಯನ್ನು ಒಳಗಿನಿಂದ ಕರೆದೆ. ಹಿತ್ತಲಿನಿಂದ ಹಳೆಯ ಎಣ್ಣೆ ಡಬ್ಬ ತಂದು ಬ್ಯಾಟರಿಯ ಪಕ್ಕ ಬೋರಲು ಹಾಕಿ ಕೂತೆ. ಅವರು ಸುತ್ತಿದ ಟೇಪಿನ ತುದಿ ಹುಡುಕಿ ಉಗುರು ಹಾಕಿದೆ. ಒಣಗಿ ಹೋಗಿತ್ತು, ಚೂರು ಚೂರಾಗಿ ಬಂತು. ಡಬ್ಬಿಯ ಮುಚ್ಚಳ ತೆಗೆದೆ.

“ಮೇಸ್ತ್ರಿ, ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ? ಪ್ಲಸ್ಸಿಗೆ ಯಾವ ಬಣ್ಣ ಹೋಗಿದೆ ನೋಡಿ ಹೇಳಿ.”

ಬಗ್ಗಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದ. “ಕಪ್ಪು,” ಎಂದ.

“ಅವಳು ತಪ್ಪಲಿಲ್ಲ. ತಪ್ಪಿದ್ದು ಅವರು. ಅವರಿಗೆ ಕೆಂಪು ಕಾಣ್ತಿರಲಿಲ್ಲ. ಹುಟ್ಟಿದಾಗಿನಿಂದ. ಬೇರೆ ವೈರೆಲ್ಲ ಸರಿ ಇರೋದು ನಾನು ಪಕ್ಕ ಕೂತು ಹೇಳ್ತಿದ್ದಕ್ಕೆ. ಇದಕ್ಕೆ ಕೂರಲಿಲ್ಲ, ಜಗಳ ಆಡಿದ್ದೆ. ಡಬ್ಬಿ ಬಿಚ್ಚಿ ನೋಡ್ತೀನಿ ಅಂತ ಇವಳು ಮೊದಲೇ ಕೇಳಿದ್ಳು. ಬೇಡ ಅಂದೋಳು ನಾನು. ಕೈ ಸುಟ್ಟುಕೊಂಡೋಳು ಇವಳು.”

ಮಗ ಬಾಯಿ ತೆರೆದುಕೊಂಡು ನಿಂತಿದ್ದ. ಮೇಸ್ತ್ರಿ ಲಾರಿಯ ಬಂಪರಿನ ಮೇಲೆ ಕೂತುಬಿಟ್ಟ. “ಅತ್ತಿಗೆ, ನಮ್ಮ ಮನೆ ಬಾಗಿಲಿಗೆ ಕಂದು ಬಣ್ಣ ತಾ ಅಂದ್ರೆ ರಕ್ತದ ಹಾಗಿರೋ ಕೆಂಪು ತಂದಿದ್ದ. ಬೇಕಂತಲೇ ತಂದ ಅಂದ್ಕೊಂಡು ಒಂದು ವರ್ಷ ಮಾತು ಬಿಟ್ಟಿದ್ದೆ,” ಎಂದ.

“ನೀವು ಒಂದು ವರ್ಷ, ನಾನು ಹನ್ನೊಂದು ದಿನ,” ಎಂದೆ.

“ಬಾಗಿಲು ಇವತ್ತಿಗೂ ಹಾಗೇ ಇದೆ,” ಎಂದು ಕಣ್ಣೊರೆಸಿಕೊಂಡ. ನಗುತ್ತಿದ್ದನೋ ಏನೋ ಗೊತ್ತಾಗಲಿಲ್ಲ. ಆಮೇಲೆ ಎದ್ದು ಸೊಸೆಯ ಮುಂದೆ ಹೋಗಿ ನಿಂತು, “ಇಂಜಿನಿಯರಮ್ಮ,” ಎಂದ. ಈ ಸಲ ಅದರಲ್ಲಿ ಕೊಂಕಿರಲಿಲ್ಲ.

ಡಬ್ಬಿಯ ವೈರುಗಳನ್ನೂ ಬದಲಾಯಿಸಿ ಕೆಂಪನ್ನು ಪ್ಲಸ್ಸಿಗೇ ಕೊಡಬೇಕೇ ಎಂದು ಅವಳನ್ನು ಕೇಳಿದೆ. “ಬೇಡ ಅತ್ತೆ, ಮಾವ ಕೊಟ್ಟ ಹಾಗೇ ಇರಲಿ,” ಎಂದಳು. ಒಂದು ಚೀಟಿ ಬರೆದು ದಾರದಿಂದ ವೈರಿಗೆ ಕಟ್ಟಿದಳು: ಇಲ್ಲಿ ಕಪ್ಪೇ ಪ್ಲಸ್ಸು. ಹೊಸ ಟೇಪು ತಂದಳು. ಸುತ್ತುವುದು ಹೇಗೆಂದು ನಾನು ತೋರಿಸಿದೆ, ಒಂದರ ಮೇಲೆ ಇನ್ನೊಂದು ಅರ್ಧಕ್ಕೆ ಬರಬೇಕು.

ಮಾರ್ಚ್ 24, ಸೋಮವಾರ

ಇಟ್ಟಿಗೆ ಲಾರಿ ಬೆಳಿಗ್ಗೆಯಿಂದ ನಮ್ಮ ಅಂಗಳದಲ್ಲಿದೆ. ನೆಲವೆಲ್ಲ ಕೆಂಪು ಧೂಳು. ಗಿಡ್ಡ ಒಂದೇ ಸಮನೆ ಮಾತಾಡುತ್ತಾನೆ. ನಮ್ಮ ಹುಡುಗಿ ಗಾಡಿಯ ಕೆಳಗಿನಿಂದಲೇ ಹ್ಞೂಂ ಎನ್ನುತ್ತಾಳೆ. ಮೇಸ್ತ್ರಿ ಕರೆಯದೆ ಬಂದು ತಗಡು ಹಿಡಿದುಕೊಂಡು ನಿಂತಿದ್ದ. ಫ್ಯಾನು ಶುರುವಾದಾಗ ಒದ್ದೆ ಬಟ್ಟೆ ಹಿಡಿಯಲು ನನ್ನನ್ನೇ ಕರೆದರು. ಅಂಟಿಕೊಂಡಿತು.

ಈ ಗಲಾಟೆಯಲ್ಲಿ ನಮ್ಮ ಲಾರಿ ಸಂಜೆ ಬಂದದ್ದು ನೋಡಲಿಲ್ಲ. ಈಗ ಸೊಂಟ ಮುಟ್ಟಿ ನೋಡಿಕೊಂಡರೆ ಕೀ ಇಲ್ಲ. ಸೊಸೆಯ ಹತ್ತಿರ ಇರಬೇಕು. ಬೆಳಿಗ್ಗೆ ಅವಳೇ ಕೊಡುತ್ತಾಳೆ.